ರೇಡಿಯೊದಿಂದ ಬಂದ ರಿಚಿ ಬೆನೊ ಟೀವಿಯಲ್ಲಿ ಅಷ್ಟು ಕಡಿಮೆ ಮಾತಾಡಿದ್ದು ಹೇಗೆ?

ಪ್ರಶ್ನೆ (ಆಕಾಶವಾಣಿ ಕೇಳುಗ):
ಆಕಾಶವಾಣಿಯ ವೀಕ್ಷಕ ವಿವರಣೆ ಕೇಳುತ್ತಲೇ ಕ್ರಿಕೆಟ್ ಕಲಿತವನು ನಾನು. ಈಚೆಗೆ ಹಳೆಯ ಟೆಸ್ಟ್ ಪಂದ್ಯಗಳ ದೃಶ್ಯಗಳನ್ನು ನೋಡುವಾಗ ಆಸ್ಟ್ರೇಲಿಯದ ಮಾಜಿ ನಾಯಕ, ವೀಕ್ಷಕ ವಿವರಣೆಕಾರ ರಿಚಿ ಬೆನೊ ಅವರ ಮಿತಭಾಷೆ ಬಹಳ ಹಿಡಿಸಿತು. ಅವರೂ 1960ರಲ್ಲಿ ಬಿಬಿಸಿ ರೇಡಿಯೊದಿಂದಲೇ ಆರಂಭಿಸಿದವರು. ಟೀವಿಗೆ ಬಂದ ಮೇಲೆ ಈ ಸಂಯಮ ಅವರಿಗೆ ಸ್ವಭಾವದಿಂದ ಬಂದಿತೇ, ಕಲಿತದ್ದೇ?

ಲೆಗ್‌ಬ್ರೇಕ್:
ಬಹುಪಾಲು ಕಲಿತದ್ದೇ ಎನ್ನಬೇಕು. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಬಳಿಕ ಬೆನೊ ಲಂಡನ್ನಿನಲ್ಲೇ ಉಳಿದು ಬಿಬಿಸಿಯ ಟೀವಿ ತರಬೇತಿ ಪಡೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ನಾಯಕತ್ವವೂ ಇನ್ನೂ ದೊರೆತಿರಲಿಲ್ಲ. ಅವರು ಗಮನವಿಟ್ಟು ನೋಡಿ ಕಲಿತದ್ದು ಗಾಲ್ಫ್‌ನ ಹೆನ್ರಿ ಲಾಂಗ್‌ಹರ್ಸ್ಟ್, ಟೆನಿಸ್‌ನ ಡ್ಯಾನ್ ಮಾಸ್ಕೆಲ್, ಕುದುರೆ ಪಂದ್ಯಗಳ ಪೀಟರ್ ಓ'ಸಲಿವನ್ ಎಂಬ ವಿವರಣೆಕಾರರಿಂದ. ಈ ಮೂವರಲ್ಲಿ ಒಬ್ಬರೂ ಕ್ರಿಕೆಟ್‌ನವರಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಸಿಡ್ನಿಯ 'ದಿ ಸನ್' ಪತ್ರಿಕೆಗೆ ಅಪರಾಧ ಸುದ್ದಿ ಬರೆದ ಅನುಭವವೂ ಅವರಿಗಿತ್ತು. ಪರದೆಯ ಮೇಲೆ ಕಾಣುತ್ತಿರುವುದಕ್ಕೆ ಏನಾದರೂ ಸೇರಿಸಲು ಸಾಧ್ಯವಿದ್ದರೆ ಮಾತ್ರ ಬಾಯಿ ತೆರೆಯಬೇಕು ಎಂಬುದು ಅವರ ನಿಯಮವಾಗಿತ್ತು.

1993ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಶೇನ್ ವಾರ್ನ್ ಅವರ ಚೆಂಡು ಲೆಗ್ ಸ್ಟಂಪಿನ ಆಚೆ ಬಿದ್ದು, ತಿರುಗಿ, ಮೈಕ್ ಗ್ಯಾಟಿಂಗ್ ಅವರ ಆಫ್ ಸ್ಟಂಪಿಗೆ ಬಡಿದದ್ದನ್ನು ನೋಡಿ. ಸ್ವತಃ ಲೆಗ್ ಸ್ಪಿನ್ನರ್ ಆಗಿ 248 ಟೆಸ್ಟ್ ವಿಕೆಟ್ ಪಡೆದಿದ್ದ ಬೆನೊ ಅಲ್ಲಿ ಮಣಿಕಟ್ಟಿನ ತಂತ್ರದ ಬಗ್ಗೆ ಉಪನ್ಯಾಸವನ್ನೇ ಕೊಡಬಹುದಿತ್ತು. ಅವರು ಏನಾಯಿತೆಂದು ಗ್ಯಾಟಿಂಗ್‌ಗೆ ತಿಳಿದೇ ಇಲ್ಲ ಎಂದರು. ತುಸು ತಡೆದು, ಈಗಲೂ ತಿಳಿದಿಲ್ಲ ಎಂದರು. ಉಳಿದದ್ದನ್ನು ಗ್ಯಾಟಿಂಗ್ ಅವರ ಮುಖವೇ ಹೇಳುತ್ತಿತ್ತು.

ಹಳೆಯ ಟ್ರಾನ್ಸಿಸ್ಟರ್:
ಒಪ್ಪುತ್ತೇನೆ, ಆದರೆ ರೇಡಿಯೊದ ಮಾತನ್ನು ವಾಚಾಳಿತನವೆಂದು ಯಾರೂ ಭಾವಿಸಬಾರದು. ಕ್ಷೇತ್ರರಕ್ಷಕರು ಎಲ್ಲಿ ನಿಂತಿದ್ದಾರೆ, ಮೋಡ ಕವಿದಿದೆಯೇ, ಬೌಲರ್ ಯಾವ ತುದಿಯಿಂದ ಓಡಿ ಬರುತ್ತಿದ್ದಾರೆ ಎಂಬುದನ್ನು ಹೇಳದಿದ್ದರೆ ಕೇಳುಗನಿಗೆ ಪಂದ್ಯವೇ ಇಲ್ಲ. 1946ರ ಭಾರತ ತಂಡದ ಇಂಗ್ಲೆಂಡ್ ಪ್ರವಾಸದಲ್ಲಿ ಕ್ರಿಕೆಟ್ ವಿವರಣೆ ಆರಂಭಿಸಿದ ಜಾನ್ ಆರ್ಲಟ್ ಇದರಲ್ಲಿ ಸಿದ್ಧಹಸ್ತರು. ಅವರು ಕೂಡ 1980ರಲ್ಲಿ ಲಾರ್ಡ್ಸ್‌ನ ಶತಮಾನೋತ್ಸವ ಟೆಸ್ಟ್‌ನಲ್ಲಿ ತಮ್ಮ ಕೊನೆಯ ಸರದಿಯನ್ನು ಮುಂದಿನ ವಿವರಣೆಕಾರರ ಹೆಸರು ಹೇಳಿ ಮುಗಿಸಿದರು, ಅಷ್ಟೇ.

ಮೂರನೆಯ ಸ್ಲಿಪ್:
ಬೆನೊ ಅವರದು ಎಲ್ಲವನ್ನೂ ನುಂಗಿಕೊಳ್ಳುವ ಮೌನವಾಗಿರಲಿಲ್ಲ. 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ಕೊನೆಯ ಚೆಂಡಿಗೆ ನ್ಯೂಜಿಲೆಂಡ್ ಸಿಕ್ಸರ್ ಹೊಡೆದು ಸರಿಗಟ್ಟಬಾರದೆಂದು ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತಮ್ಮ ತಮ್ಮನಿಂದ ಅಂಡರ್‌ಆರ್ಮ್ ಎಸೆತ (ನೆಲದ ಮೇಲೆ ಉರುಳಿಸುವ ಚೆಂಡು) ಹಾಕಿಸಿದರು. ತಮ್ಮ ದೇಶದ ತಂಡ, ತಾವೇ ಒಮ್ಮೆ ನಾಯಕರಾಗಿದ್ದ ತಂಡ ಎಂಬ ಮುಲಾಜಿಲ್ಲದೆ ಬೆನೊ ಅದನ್ನು ನಾಚಿಕೆಗೇಡು ಎಂದು ನೇರಪ್ರಸಾರದಲ್ಲೇ ಹೇಳಿದರು. ಬೌಲರ್‌ಗಳ ಓವರ್ ಲೆಕ್ಕವನ್ನು ನಾಯಕ ತಪ್ಪಿದ್ದನ್ನೂ ಎತ್ತಿ ತೋರಿಸಿದರು. ಮಾತು ಅಪರೂಪವಾಗಿದ್ದರಿಂದಲೇ ಆ ಖಂಡನೆಗೆ ಅಷ್ಟು ತೂಕ ಬಂದಿತು.

ಆಕಾಶವಾಣಿ ಕೇಳುಗ:
ಎಲ್ಲರಿಗೂ ಧನ್ಯವಾದಗಳು. 2005ರ ನಂತರ ಇಂಗ್ಲೆಂಡಿನ ಪ್ರಸಾರದಲ್ಲಿ ಅವರ ದನಿ ಕೇಳುವುದಿಲ್ಲವಲ್ಲ, ಕಾರಣವೇನು?

ಲೆಗ್‌ಬ್ರೇಕ್:
ಅಲ್ಲಿನ ಟೆಸ್ಟ್ ಪಂದ್ಯಗಳ ನೇರಪ್ರಸಾರ ಚಾನೆಲ್ 4ರಿಂದ ಹಣ ಕೊಟ್ಟು ನೋಡುವ ಸ್ಕೈ ವಾಹಿನಿಗೆ ಹೋಯಿತು. ಬ್ರಿಟನ್ನಿನಲ್ಲಿ ಅವರು ಸದಾ ಉಚಿತ ಪ್ರಸಾರದಲ್ಲೇ ದುಡಿದವರಾದ್ದರಿಂದ ಅಲ್ಲಿಗೇ ನಿಲ್ಲಿಸಿದರು. ಓವಲ್‌ನ ಆ ಕೊನೆಯ ಟೆಸ್ಟ್‌ನಲ್ಲಿ ವಿದಾಯ ಹೇಳುತ್ತಿರುವಾಗಲೇ ಮೆಗ್ರಾ ಅವರ ಚೆಂಡಿಗೆ ಪೀಟರ್ಸನ್ ಬೌಲ್ಡ್ ಆದರು. ಬೆನೊ ಮಾತನ್ನು ಅರ್ಧಕ್ಕೆ ಬಿಟ್ಟು ಮೊದಲು ವಿಕೆಟ್ ಬಿದ್ದದ್ದನ್ನು ಹೇಳಿದರು. ಆಸ್ಟ್ರೇಲಿಯದ ಚಾನೆಲ್ ನೈನ್‌ನಲ್ಲಿ ಅವರು ಮುಂದೆಯೂ ಹಲವು ವರ್ಷ ಕೆಲಸ ಮಾಡಿದರು.