ಸಹಾಯ ಬೇಕು: ನಮ್ಮ ಬಿಸಿಲಿಗೆ 796 ಸಿಸಿ ಕಾರು ಸಾಕೇ, 998 ಸಿಸಿ ಬೇಕೇ?

ಕಲಬುರಗಿಯ ಗೆಳೆಯರಿಗೆ ನಮಸ್ಕಾರ. ಮನೆಗೆ ಸಣ್ಣ ಪೆಟ್ರೋಲ್ ಕಾರು ಬೇಕಾಗಿದೆ. ದಿನವೂ ರಿಂಗ್ ರಸ್ತೆಯಿಂದ ಸೂಪರ್ ಮಾರ್ಕೆಟ್‌ವರೆಗೆ ಓಡಾಟ, ಆಗಾಗ ಮನೆಮಂದಿಯೆಲ್ಲ ಗಾಣಗಾಪುರಕ್ಕೆ. ಬಳಸಿದ ಆಲ್ಟೊ 800 ಕೈಗೆಟುಕುವ ಬೆಲೆಗೆ ಸಿಗುತ್ತಿದೆ. ಹೊಸ ಆಲ್ಟೊ ಕೆ10 ಬೇಕೆಂದರೆ ಸಾಲ ಮಾಡಬೇಕು.

800ರದು 796 ಸಿಸಿ ಎಂಜಿನ್, ಸುಮಾರು 48 ಪಿಎಸ್ (ಅಶ್ವಶಕ್ತಿ). ಕೆ10ರದು 998 ಸಿಸಿ, ಸುಮಾರು 67 ಪಿಎಸ್. ಕೆ10ಕ್ಕೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 24 ಕಿ.ಮೀ. ದಾಟುತ್ತದೆ. ಅದು ಪ್ರಯೋಗಾಲಯದ ಅಂಕಿ. ಅಲ್ಲಿ ನಮ್ಮ ಮೇ ತಿಂಗಳು ಇರುವುದಿಲ್ಲ!

ಎರಡನ್ನೂ ಓಡಿಸಿ ನೋಡಿದೆ. ಬೆಳಗಿನ ತಂಪಿನಲ್ಲಿ, ಇಬ್ಬರೇ ಕುಳಿತಾಗ ವ್ಯತ್ಯಾಸವೇ ತಿಳಿಯಲಿಲ್ಲ. ಮೆಕ್ಯಾನಿಕ್ ಹಳೆಯದೇ ಸಾಕೆನ್ನುತ್ತಾರೆ, ಶೋರೂಮಿನವರು ಹೊಸದನ್ನೇ ಹೊಗಳುತ್ತಾರೆ (ಹೊಗಳದೆ ಇರುತ್ತಾರೆಯೇ). ಎಸಿಯ ಕಂಪ್ರೆಸರ್ ಓಡುವುದೂ ಅದೇ ಎಂಜಿನ್ನಿನ ಬಲದಿಂದ. ನಾಲ್ವರು ಕುಳಿತು, 42 ಡಿಗ್ರಿ ಬಿಸಿಲಿನಲ್ಲಿ ಎಸಿ ಹಾಕಿ ಲಾರಿಯನ್ನು ಹಿಂದಿಕ್ಕಬೇಕಾದಾಗ 796 ಸಿಸಿ ಉಸಿರುಗಟ್ಟುತ್ತದೆಯೇ ಎಂಬುದೇ ನನ್ನ ಅನುಮಾನ.

ಇಲ್ಲಿಯೇ ಈ ಕಾರುಗಳನ್ನು ಓಡಿಸುತ್ತಿರುವವರು ದಯವಿಟ್ಟು ತಿಳಿಸಿ: ಬೇಸಿಗೆಯಲ್ಲಿ ಎಸಿ ಹಾಕಿದಾಗ ನಿಮಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಸಿಗುತ್ತಿದೆ? ಸಾಲ ಮಾಡಿಯಾದರೂ ಕೆ10 ಕೊಳ್ಳುವಷ್ಟು ವ್ಯತ್ಯಾಸ ಇದೆಯೇ?