‘ಒಗ್ಗಲ್ಲ’ ಅಂದರೆ ಅಲರ್ಜಿಯೇ? ಕರಪತ್ರವೊಂದರ ಪದಗಳ ಬಗ್ಗೆ

ನಮಸ್ಕಾರ.

ಅಲರ್ಜಿ ಇರುವ ಮಕ್ಕಳನ್ನು ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಅಲರ್ಜಿ’ ಅನ್ನುವ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ, ಅದು ಎಲ್ಲರಿಗೂ ಗೊತ್ತು. ತೊಡಕಾಗಿರುವುದು ಅದರ ಅಕ್ಕಪಕ್ಕದ ಮಾತುಗಳಲ್ಲಿ.

ಮೊದಲು ‘ಒಗ್ಗು’. ‘ನನಗೆ ಹಾಲು ಒಗ್ಗಲ್ಲ’ ಅನ್ನುತ್ತೇವೆ. ಒಳ್ಳೆಯ ಮಾತೇ. ಇದರಿಂದ ‘ಒಗ್ಗದಿಕೆ’ ಅಂತ ಮಾಡಿಕೊಂಡು ಅಲರ್ಜಿಗೆ ಬಳಸುವವರೂ ಇದ್ದಾರೆ. ನನಗೆ ಇದು ಸರಿ ಕಾಣುತ್ತಿಲ್ಲ. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಕಿಣ್ವ ಕಡಿಮೆ ಇದ್ದವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಕಷ್ಟವೇ, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ. ಸ್ವಲ್ಪ ಕುಡಿದರೆ ಎಷ್ಟೋ ಜನರಿಗೆ ಏನೂ ಆಗುವುದಿಲ್ಲ. ಹಾಲಿನ ಅಲರ್ಜಿಯ ಕಥೆಯೇ ಬೇರೆ. ಅಲ್ಲಿ ತಕರಾರು ಸಕ್ಕರೆಯದಲ್ಲ, ಪ್ರೋಟೀನಿನದು. ರೋಗ ತಡೆಯಬೇಕಾದ ವ್ಯವಸ್ಥೆ ಹಾಲಿನ ಪ್ರೋಟೀನಿನ ಮೇಲೇ ತಿರುಗಿ ಬೀಳುತ್ತದೆ. ಆ ವ್ಯವಸ್ಥೆ ತಯಾರಿಸುವ ಐಜಿಇ ಎಂಬ ಪ್ರತಿಕಾಯಗಳು ಚರ್ಮ, ಕರುಳು ಮುಂತಾದ ಕಡೆ ಇರುವ ಮಾಸ್ಟ್ ಕೋಶಗಳ ಮೇಲೆ ಕೂತು ಕಾಯುತ್ತಿರುತ್ತವೆ. ಪ್ರೋಟೀನು ಸಿಕ್ಕ ಕೂಡಲೇ ಆ ಕೋಶಗಳು ನವೆ, ಊತ ತರುವ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಇದಕ್ಕೆ ಲೋಟ ಹಾಲು ಬೇಕಿಲ್ಲ, ಕೆಲವರಿಗೆ ತೊಟ್ಟು ಸಾಕು. ಲ್ಯಾಕ್ಟೋಸ್ ತೆಗೆದ ಹಾಲು ಮೊದಲನೆಯವರಿಗೆ ಪರಿಹಾರ, ಎರಡನೆಯವರಿಗೆ ಅದೂ ಅಪಾಯವೇ. ಇವರಿಬ್ಬರೂ ‘ಹಾಲು ಒಗ್ಗಲ್ಲ’ ಅಂತಲೇ ಹೇಳಿದರೆ ಅಡುಗೆ ಮಾಡುವವರು ಏನಂತ ತಿಳಿಯಬೇಕು?

ಇನ್ನೊಂದು ಕಾರಣವೂ ಇದೆ, ನನ್ನನ್ನು ಜಾಸ್ತಿ ಕಾಡುತ್ತಿರುವುದು ಅದೇ. ‘ಒಗ್ಗು’ ಅಂದರೆ ರೂಢಿಯಾಗುವುದು ಅಂತಲೂ ಅರ್ಥ. ಹೊಸ ಜಾಗದ ಹವೆಗೆ ಮೈ ಒಗ್ಗುತ್ತದೆ, ಹೊಸ ಕೆಲಸಕ್ಕೆ ಕೈ ಒಗ್ಗುತ್ತದೆ. ಹಾಗಾಗಿ ‘ಮಗುವಿಗೆ ಮೊಟ್ಟೆ ಒಗ್ಗಲ್ಲ’ ಅಂದ ಕೂಡಲೇ ‘ಸ್ವಲ್ಪ ಸ್ವಲ್ಪ ಕೊಡ್ತಾ ಬನ್ನಿ, ಒಗ್ಗುತ್ತೆ’ ಅನ್ನುವ ಬುದ್ಧಿಮಾತು ತಾನಾಗೇ ಬರುತ್ತದೆ. ಹೇಳುವವರ ತಪ್ಪಲ್ಲ, ಪದದೊಳಗೇ ಆ ಸಲಹೆ ಕೂತಿದೆ. ಅಲರ್ಜಿಯಲ್ಲಿ ಇದು ತಿರುಗುಮುರುಗು ಆಗಬಹುದು. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಕಡಲ ಜೀವಿಯೊಂದರ ವಿಷಕ್ಕೆ ನಾಯಿಗಳ ಮೈ ಒಗ್ಗುತ್ತದೇನೋ ಎಂದು ನೋಡಲು ಹೋದರು. ಮೊದಲ ಸಲ ತಡೆದುಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ಚಿಕ್ಕ ಪ್ರಮಾಣ ಕೊಟ್ಟಾಗ ಸತ್ತೇಹೋಯಿತು. ರಕ್ಷಣೆ ಸಿಗುವ ಬದಲು ಹೀಗಾಯಿತಲ್ಲ ಅಂತಲೇ ಅದಕ್ಕೆ ‘ಅನಫಿಲ್ಯಾಕ್ಸಿಸ್’ (ರಕ್ಷಣೆಗೆ ವಿರುದ್ಧವಾದದ್ದು) ಅನ್ನುವ ಹೆಸರು ಬಂತು. ಈ ಕೆಲಸಕ್ಕೆ ರಿಶೆಗೆ 1913ರ ನೊಬೆಲ್ ಕೂಡ ಸಿಕ್ಕಿತು. ಈಗ ಆಹಾರದ ಅಲರ್ಜಿಗೆ ಚೂರುಚೂರೇ ಕೊಟ್ಟು ಸಹಿಸುವ ಶಕ್ತಿ ಬೆಳೆಸುವ ಚಿಕಿತ್ಸೆ ಇದೆ, ನಿಜ. ಅದು ತಜ್ಞರ ಕಣ್ಣೆದುರು ಅಳೆದು ಕೊಡುವಂಥದ್ದು, ಮನೆಯಲ್ಲಿ ಸುಮ್ನೆ ನೋಡೋಣ ಅಂತ ಮಾಡುವುದಲ್ಲ.

ಹಾಗಾಗಿ ನಾನು ಅಂದುಕೊಂಡಿರುವುದು ಇಷ್ಟು: ‘ಒಗ್ಗದಿಕೆ’ಯನ್ನು ಲ್ಯಾಕ್ಟೋಸ್ ಥರದ ತೊಂದರೆಗೆ ಬಿಟ್ಟುಕೊಡೋಣ. ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿಗೆ ಮಾತ್ರ ‘ಅಲರ್ಜಿ’ ಇರಲಿ. 1906ರಲ್ಲಿ ಆ ಪದ ಕಟ್ಟಿದ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ವಿಶಾಲವಾಗಿಯೇ ಬಳಸಿದ್ದರು. ಮೈ ಒಂದು ವಸ್ತುವಿಗೆ ಮೊದಲಿನಂತಲ್ಲದೆ ಬೇರೆ ರೀತಿ ಪ್ರತಿಕ್ರಿಯಿಸಿದರೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಅವರ ಲೆಕ್ಕದಲ್ಲಿ ಅದು ಅಲರ್ಜಿ. ಅರ್ಥ ಕಿರಿದಾದದ್ದು ಆಮೇಲೆ. ಕನ್ನಡದಲ್ಲಿ ಮತ್ತೆ ಅಗಲವಾಗುತ್ತಿದೆ ಅನ್ನಿಸುತ್ತದೆ. ‘ಅವನನ್ನು ಕಂಡರೆ ಅಲರ್ಜಿ’ ಅನ್ನುವುದಂತೂ ಬಿಡಿ, ಅದರಿಂದ ಯಾರ ಗಂಟಲೂ ಊದಿಕೊಳ್ಳುವುದಿಲ್ಲ.

ಎರಡನೆಯದು ‘ಅಲರ್ಜಿ ಇದೆ’, ‘ಅಲರ್ಜಿ ಆಗಿದೆ’. ಮೊದಲನೆಯದು ಮೈಯ ಗುಣ, ಎರಡನೆಯದು ಈಗ ಕಾಣುತ್ತಿರುವ ತೊಂದರೆ. ನಾವು ಮೈಮೇಲೆ ಏನೇ ಕೆಂಪಗೆ ಎದ್ದರೂ ‘ಅಲರ್ಜಿ ಆಗಿದೆ’ ಅಂದುಬಿಡುತ್ತೇವೆ. ಬೆವರುಸಾಲೆಯೂ ಅಲರ್ಜಿ, ವೈರಸ್ ಜ್ವರದ ದದ್ದೂ ಅಲರ್ಜಿ. ಜ್ವರದಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ದದ್ದು ಎದ್ದಿರುತ್ತದೆ, ‘ಅಲರ್ಜಿ ಆಯ್ತು’ ಅನ್ನುತ್ತಾರೆ, ಕೆಲವು ವರ್ಷಗಳಲ್ಲಿ ಅದು ‘ಪೆನಿಸಿಲಿನ್ ಅಲರ್ಜಿ ಇದೆ’ ಅಂತ ಚೀಟಿಯಲ್ಲಿ ಕಾಯಂ ಆಗುತ್ತದೆ. ಹೀಗೆ ಬರೆಸಿಕೊಂಡವರನ್ನು ಸರಿಯಾಗಿ ಪರೀಕ್ಷೆ ಮಾಡಿದರೆ 10ರಲ್ಲಿ ಸುಮಾರು 9 ಜನಕ್ಕೆ ಅಲರ್ಜಿ ಇರುವುದೇ ಇಲ್ಲ. ಕರಪತ್ರದಲ್ಲಿ ‘ಆಗಿದೆ’ಯನ್ನು ಪೂರ್ತಿ ಬಿಟ್ಟು, ಕಂಡದ್ದನ್ನೇ ಹೇಳಿ ಅಂತ ಬರೆದಿದ್ದೇನೆ: ಗಂಧೆ ಎದ್ದಿತು, ತುಟಿ ಊದಿತು, ವಾಂತಿಯಾಯಿತು. ಅಂದ ಹಾಗೆ ‘ಪಿತ್ತದ ಗಂಧೆ’ಯಲ್ಲಿ ಪಿತ್ತವನ್ನು ಕೈಬಿಟ್ಟಿದ್ದೇನೆ. ಅದರ ಪಾತ್ರ ಇಲ್ಲಿ ಏನೂ ಇಲ್ಲ. ಬರೀ ‘ಗಂಧೆ’ ಎಂದರೆ ಎಲ್ಲ ಕಡೆ ಅರ್ಥವಾಗುತ್ತದೆಯೇ?

ಮೂರನೆಯದು ‘ಕಡಲೆ’. ಇದು ಸಣ್ಣ ವಿಷಯ ಅನ್ನಿಸಬಹುದು, ನನಗಂತೂ ಹೆದರಿಕೆ ಹುಟ್ಟಿಸಿದೆ. ಕಡಲೆ ಬೇರೆ, ಕಡಲೆಕಾಯಿ ಬೇರೆ. ಆದರೆ ‘ಕಡಲೆಬೀಜ’ ಅಂದಾಗ ಕೆಲವರು ಯಾವುದನ್ನು ನೆನೆಯುತ್ತಾರೋ ಹೇಳಲಾಗದು. ಅವಸರದಲ್ಲಿ ‘ಕಡಲೆ ಅಲರ್ಜಿ’ ಅಂತ ಚೀಟಿ ಬರೆದವರೂ ಇರಬಹುದು. ‘ಶೇಂಗಾ’ದಲ್ಲಿ ಈ ಗೊಂದಲವಿಲ್ಲ. ‘ಶೇಂಗಾ (ಕಡಲೆಕಾಯಿ, ನೆಲಗಡಲೆ)’ ಅಂತ ಮೂರನ್ನೂ ಕೊಡುವುದೇ ಕ್ಷೇಮ ಅಲ್ವಾ? ಬಾದಾಮಿ, ಗೋಡಂಬಿ, ಅಕ್ರೋಟು ಇವುಗಳಿಗೆಲ್ಲ ಸೇರಿ ಒಂದು ಹೆಸರು ಬೇಕು. ‘ಒಣಹಣ್ಣು’ ಅಂದರೆ ದ್ರಾಕ್ಷಿ, ಖರ್ಜೂರ ಒಳಗೆ ಬರುತ್ತವೆ. ‘ಬೀಜಗಳು’ ಅಂದರೆ ಎಳ್ಳೂ ಬರುತ್ತದೆ, ಶೇಂಗಾವೂ ಬರುತ್ತದೆ. ಶೇಂಗಾ ಬೇಳೆಕಾಳುಗಳ ಜಾತಿ, ಮರದ ಬೀಜವಲ್ಲ. ‘ಮರಬೀಜ’ ಅಂತ ಹೊಸದಾಗಿ ಮಾಡಿದರೆ ನಗುತ್ತೀರಾ? ಸದ್ಯಕ್ಕೆ ಒಂದೊಂದನ್ನೂ ಹೆಸರಿಸಿ ಬರೆಯುತ್ತಿದ್ದೇನೆ.

ಪೊಟ್ಟಣದ ಮೇಲಿನ ಎಚ್ಚರಿಕೆಗೆ ‘ಶೇಂಗಾ ಅಂಶ ಇರಬಹುದು’ ಎನ್ನುವುದಕ್ಕಿಂತ ‘ಶೇಂಗಾ ಸೋಕಿರಬಹುದು’ ಚೆನ್ನಾಗಿದೆ ಅನ್ನಿಸಿತು. ಅದೇ ಯಂತ್ರ, ಅದೇ ಸೌಟು ಮುಟ್ಟಿದೆ ಅನ್ನುವುದು ಒಂದೇ ಮಾತಿನಲ್ಲಿ ಬರುತ್ತದೆ.

ಕೊನೆಯದಾಗಿ ಅನಫಿಲ್ಯಾಕ್ಸಿಸ್. ‘ತೀವ್ರ ಅಲರ್ಜಿ’ ಎಂದು ಬರೆದರೆ ಸಾಲದು. ವಿಪರೀತ ನವೆಯೂ ತೀವ್ರವೇ. ಇದರಲ್ಲಿ ಉಸಿರು ಕಟ್ಟುತ್ತದೆ, ಗಂಟಲು ಬಿಗಿಯುತ್ತದೆ, ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಕೆಲವೊಮ್ಮೆ ಚರ್ಮದ ಮೇಲೆ ಏನೂ ಕಾಣುವುದೇ ಇಲ್ಲ. ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೀಳಬೇಕು. ಅಲರ್ಜಿ ಮಾತ್ರೆ ನುಂಗಿಸಿ ಕಾಯುವ ಹಾಗಿಲ್ಲ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳಲ್ಲಿ ಮರುಕಳಿಸಬಹುದು, ಆದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು. ಇಷ್ಟನ್ನೂ ನೆನಪಿಸುವ, ಓದಿದ ಕೂಡಲೇ ಕೈ ಓಡುವಂಥ ಹೆಸರು ಬೇಕು. ‘ಪ್ರಾಣಾಪಾಯದ ಅಲರ್ಜಿ’ ಅಂತ ಬರೆದು ಪಕ್ಕದಲ್ಲಿ ಅನಫಿಲ್ಯಾಕ್ಸಿಸ್ ಅಂತ ಹಾಕಿದ್ದೇನೆ. ಹೆತ್ತವರನ್ನು ಸುಮ್ಮನೆ ಗಾಬರಿ ಮಾಡುತ್ತದೆ ಅಂತ ಒಬ್ಬರು ಆಕ್ಷೇಪಿಸಿದರು. ಇಲ್ಲಿ ಗಾಬರಿ ಸ್ವಲ್ಪ ಬೇಕೇಬೇಕು ಅನ್ನುವುದು ನನ್ನ ವಾದ. ನೀವೇನಂತೀರಿ? ಇದಕ್ಕಿಂತ ಚಿಕ್ಕ ಮಾತು ಹೊಳೆದರೆ ತಿಳಿಸಿ, ಚೀಟಿಯಲ್ಲಿ ಜಾಗ ಕಡಿಮೆ ಇದೆ.