ಲೆಗೋ ಐಡಿಯಾಸ್‌ಗೆ ಜನ ಕಳಿಸುವ ಮಾದರಿಗಳನ್ನು ವಿಮರ್ಶೆ ಮಾಡುವಾಗ ನೀವು ಏನೇನು ನೋಡುತ್ತೀರಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಶಿವಮೊಗ್ಗದಲ್ಲಿ ಲೆಗೋ ಹುಚ್ಚಿನವರ ಒಂದು ಸಣ್ಣ ಗುಂಪಿದೆ, ಎಲ್ಲರೂ ಕೆಲಸಕ್ಕೆ ಹೋಗುವ ದೊಡ್ಡವರೇ. ಐಡಿಯಾಸ್ ಅಂದರೆ ಲೆಗೋ ಕಂಪನಿಯದೇ ಜಾಲತಾಣ, ಅಭಿಮಾನಿಗಳು ಮಾದರಿ ಕಳಿಸುತ್ತಾರೆ, ಸಾಕಷ್ಟು ಜನ ಸಪೋರ್ಟ್ ಒತ್ತಿದರೆ ಸೆಟ್ ಮಾಡಬೇಕಾ ಅಂತ ಕಂಪನಿ ನೋಡುತ್ತೆ. ಆ ಮಾದರಿಗಳಲ್ಲಿ ಕೆಲವನ್ನು ಆರಿಸಿ, ಇದು ನಿಜವಾಗಿ ಸೆಟ್ ಆಗಿ ಬಂದರೆ ಹೇಗಿರುತ್ತೆ ಅಂತ ಬರೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಇದುವರೆಗೆ ಗುಂಪಿನಲ್ಲಿ ನಡೆದುಕೊಂಡು ಬಂದದ್ದು ಇಷ್ಟೇ: ಚಿತ್ರ ಹಾಕುವುದು, "ಸೂಪರ್ ಆಗಿದೆ, ಎಲ್ಲರೂ ಸಪೋರ್ಟ್ ಒತ್ತಿ" ಅನ್ನುವುದು. ನನಗೆ ಅದು ಸಾಕಾಗುತ್ತಿಲ್ಲ. ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು, ನೆಟ್ಟಗೆ ನೋಡಿ ಬರೆಯಬೇಕು ಅಂತ ಆಸೆ.

ಈಗ ನನ್ನ ಮುಂದೆ ಮೂರು ಇವೆ. ಒಂದು, ಬಂಡೆಯ ಮೇಲಿನ ದೊಡ್ಡ ಕೋಟೆ. ರೆಂಡರ್ (ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ) ನೋಡಿದರೆ ಕಣ್ಣು ಕೀಳೋಕೆ ಆಗಲ್ಲ, ಸಂಜೆ ಬೆಳಕು, ಮಂಜು, ಎಲ್ಲ ಇದೆ. ಎರಡು, ಹಳೇ ಕಾಲದ ಹೊಲಿಗೆ ಯಂತ್ರ, ಕೈಚಕ್ರ ತಿರುಗಿಸಿದರೆ ಸೂಜಿ ಮೇಲೆ ಕೆಳಗೆ ಹೋಗುತ್ತೆ ಅಂತ ಬರೆದಿದ್ದಾರೆ. ಚಿತ್ರಗಳು ಅಷ್ಟೇನೂ ಚೆನ್ನಾಗಿಲ್ಲ, ಸಪೋರ್ಟ್ ಕೂಡ ಕಡಿಮೆ. ಮೂರನೆಯದು ಇನ್ನೂ ಹಾಕಿಲ್ಲ. ನಮ್ಮ ಗುಂಪಿನ ಒಬ್ಬರು ಹಂಪಿಯ ಕಲ್ಲಿನ ರಥ ಮಾಡಿ ಕಳಿಸಬೇಕು ಅಂತಿದ್ದಾರೆ, ಮೊದಲು ನೀವೇ ನೋಡಿ ಹೇಳಿ ಅಂದಿದ್ದಾರೆ.

ಇವನ್ನು ನೀವಾದರೆ ಹೇಗೆ ನೋಡುತ್ತೀರಿ? ಅಂದ ಚೆಂದ ಬಿಟ್ಟು ಬೇರೆ ಏನು ಅಳೆಯಬೇಕು?

ಎಂಟು_ಮಿಲಿಮೀಟರ್:

ಒಳ್ಳೇ ಪ್ರಶ್ನೆ. ನಾನು ಮೊದಲು ನೋಡುವುದು ಇದು ನಿಲ್ಲುತ್ತಾ ಅನ್ನುವುದನ್ನು.

ರೆಂಡರ್ ಒಳಗೆ ಭಾರ ಅನ್ನುವುದೇ ಇಲ್ಲ. ಸ್ಟುಡಿಯೋ ಅನ್ನುವ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಟಡ್‌ನ (ಇಟ್ಟಿಗೆಯ ಮೇಲಿನ ದುಂಡನೆಯ ಉಬ್ಬು) ಹಿಡಿತದ ಮೇಲೆ ಇಡೀ ಗೋಪುರ ನಿಲ್ಲಿಸಿದರೂ ಚಿತ್ರ ಚೆನ್ನಾಗಿಯೇ ಬರುತ್ತೆ. ಅದನ್ನೇ ಕೈಯಲ್ಲಿ ಕಟ್ಟಿ ಮೇಜಿನಿಂದ ಕಪಾಟಿಗೆ ಒಯ್ಯುವಾಗ ಗೊತ್ತಾಗುತ್ತೆ. ಹಾಗಾಗಿ ಕೋಟೆಯ ವಿಷಯದಲ್ಲಿ ನನ್ನ ಮೊದಲ ಪ್ರಶ್ನೆಗಳು: ಗೋಡೆ ಮೂಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿದೆಯಾ, ಸುಮ್ನೆ ಪಕ್ಕಪಕ್ಕ ನಿಂತಿದೆಯಾ? ಬಂಡೆ ಒಳಗೆ ಟೊಳ್ಳಾ? ಟೊಳ್ಳಾಗಿದ್ದರೆ ಒಳಗೆ ಟೆಕ್ನಿಕ್ ಬೀಮ್‌ಗಳ (ರಂಧ್ರಗಳಿರುವ ಉದ್ದ ಪಟ್ಟಿ) ಚೌಕಟ್ಟು ಇದೆಯಾ? ಎತ್ತಬೇಕಾದರೆ ಎಲ್ಲಿ ಹಿಡಿಯಬೇಕು?

ಆಮೇಲೆ ಲೆಕ್ಕ. ಒಂದು ಸ್ಟಡ್‌ನ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಬ್ರಿಕ್ ಅಂದರೆ ಮಾಮೂಲಿ ಇಟ್ಟಿಗೆಯ ಎತ್ತರ 9.6, ಪ್ಲೇಟ್ ಅಂದರೆ ತೆಳು ಪೀಸ್‌ನ ಎತ್ತರ 3.2. ಐದು ಪ್ಲೇಟ್ ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಸ್ಟಡ್ ಅಗಲ. ಸ್ಟಡ್ ಮೇಲಕ್ಕಲ್ಲದೆ ಪಕ್ಕಕ್ಕೆ ತಿರುಗಿಸಿ ಕಟ್ಟುವ ಕೆಲಸದಲ್ಲಿ ಹೆಚ್ಚಿನದು ನಿಂತಿರುವುದು ಇದರ ಮೇಲೆ. ಒಳ್ಳೆಯ ವಿನ್ಯಾಸದಲ್ಲಿ ಗೋಡೆಯ ಪಕ್ಕದ ಮುಖ ತಂದು ಸೇರಿಸಿದ ಜಾಗದಲ್ಲಿ ಸಂದಿ ಕಾಣಲ್ಲ, ಯಾಕೆಂದರೆ ಅವರು ಈ ಲೆಕ್ಕ ಹಿಡಿದೇ ಹೋಗಿರುತ್ತಾರೆ.

ಲೆಕ್ಕಕ್ಕೆ ಸರಿ ಇದ್ದೂ ಮಾಡಬಾರದ್ದು ಕೆಲವು ಇವೆ. ಸ್ಟಡ್ ವ್ಯಾಸ 4.8, ಹಾಗಾಗಿ ಎರಡು ಸ್ಟಡ್ ನಡುವೆ ಉಳಿಯುವ ಸಂದಿ 3.2. ಪ್ಲೇಟ್ ದಪ್ಪವೂ 3.2. ಆಹಾ ಸರಿಹೋಯಿತು ಅಂತ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಆ ಸಂದಿಗೆ ತುರುಕುತ್ತಾರೆ. ಸಾಫ್ಟ್‌ವೇರ್ ತಕರಾರು ತೆಗೆಯಲ್ಲ. ಆದರೆ ಅಲ್ಲಿ ಚೂರೂ ಸಡಿಲ ಇಲ್ಲ, ಪ್ಲಾಸ್ಟಿಕ್ ಮೇಲೆ ಒತ್ತಡ ಬೀಳುತ್ತೆ, ಬಿಚ್ಚುವಾಗ ಉಗುರು ಕಿತ್ತು ಬರುತ್ತೆ. ಕಟ್ಟುವವರ ಬಾಯಲ್ಲಿ ಇದಕ್ಕೆ "ಇಲ್ಲೀಗಲ್" ಜೋಡಣೆ ಅಂತಲೇ ಹೆಸರು. ಇಂಥದ್ದು ಒಂದೆರಡು ಕಡೆ ಇದ್ದರೆ ಪರವಾಗಿಲ್ಲ, ಇಡೀ ಛಾವಣಿ ಇದರ ಮೇಲೇ ನಿಂತಿದ್ದರೆ ವಿಮರ್ಶೆಯಲ್ಲಿ ಹೇಳಲೇಬೇಕು.

ಬಣ್ಣವನ್ನೂ ನೋಡಿ. ಎಲ್ಲ ಪೀಸ್ ಎಲ್ಲ ಬಣ್ಣದಲ್ಲಿ ಸಿಗಲ್ಲ. ಸಾಫ್ಟ್‌ವೇರ್‌ನಲ್ಲಿ ಯಾವ ಬಣ್ಣ ಬೇಕಾದರೂ ಹಚ್ಚಬಹುದು. ಕೋಟೆಯವರು ಕಲ್ಲಿಗೆ ಬಳಸಿರುವ ಬಣ್ಣದಲ್ಲಿ ಆ ವಕ್ರ ಪೀಸ್‌ಗಳು ನಿಜವಾಗಿ ತಯಾರಾಗಿವೆಯಾ ಅಂತ ಬ್ರಿಕ್‌ಲಿಂಕ್‌ನಲ್ಲಿ (ಬಿಡಿ ಪೀಸ್ ಮಾರುವ ಜಾಲತಾಣ) ಹುಡುಕಿ, ಐದು ನಿಮಿಷದ ಕೆಲಸ.

ಹುಬ್ಬಳ್ಳಿ_ಹುಡುಗಿ:

ಎಂಟು ಮಿಲಿಮೀಟರ್ ಅವರು ಹೇಳಿದ್ದೆಲ್ಲ ಸರಿ, ಆದರೆ ನಾನು ಅದನ್ನು ಎರಡನೇ ಸಾಲಿಗೆ ಇಡುತ್ತೇನೆ. ಯಾಕೆ ಅಂದರೆ ಆಯ್ಕೆಯಾದ ಮೇಲೆ ಲೆಗೋದವರ ಸ್ವಂತ ವಿನ್ಯಾಸಕಾರರು ಮಾದರಿಯನ್ನು ಮತ್ತೆ ಕಟ್ಟುತ್ತಾರೆ. ಎಷ್ಟೋ ಸಲ ಅಡಿಯಿಂದ ಮುಡಿವರೆಗೆ. ಮಾದರಿ ಕಳಿಸುವವರಿಗೆ 3,000 ಪೀಸ್‌ಗಳ ಮಿತಿ ಇದ್ದ ಕಾಲದಲ್ಲೇ ಬಂದ ಗ್ರ್ಯಾಂಡ್ ಪಿಯಾನೋ ಸೆಟ್‌ನಲ್ಲಿ 3,662 ಪೀಸ್ ಇದ್ದವು. ಈಗ ಆ ಮಿತಿ 5,000ಕ್ಕೆ ಏರಿದೆ. ಅಂದರೆ ಅಭಿಮಾನಿ ಬರೆದ ಪೀಸ್ ಲೆಕ್ಕವೂ ಉಳಿಯಲ್ಲ, ಜೋಡಣೆಯೂ ಉಳಿಯಲ್ಲ. ಹಾಗಾದರೆ ಉಳಿಯುವುದು ಏನು? ನಾವು ವಿಮರ್ಶೆ ಮಾಡಬೇಕಾದದ್ದು ಅದನ್ನು.

2015ರ ಬರ್ಡ್ಸ್ ಸೆಟ್ ತಗೊಳ್ಳಿ. ಮೂರೇ ಮೂರು ಹಕ್ಕಿ, 580 ಪೀಸ್. ರಾಬಿನ್, ಬ್ಲೂ ಜೇ, ಹಮ್ಮಿಂಗ್‌ಬರ್ಡ್. ಯಾವ ಸಿನಿಮಾ ಹೆಸರೂ ಇಲ್ಲ, ಕೋಟೆ ಇಲ್ಲ, ದೀಪ ಇಲ್ಲ. ಆದರೆ ನೋಡಿದ ತಕ್ಷಣ ಇದು ನನ್ನ ಮೇಜಿನ ಮೇಲೆ ಇರಬೇಕು ಅನಿಸುತ್ತೆ. 2018ರ ಶಿಪ್ ಇನ್ ಎ ಬಾಟಲ್ ಕೂಡ ಹಾಗೇ. ಪಾರದರ್ಶಕ ಇಟ್ಟಿಗೆಯಲ್ಲೇ ಸೀಸೆ ಕಟ್ಟಿ ಒಳಗೆ ಹಡಗು ಇಡೋದು, ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಯೋಚನೆ. ನನ್ನ ಮೊದಲ ಪರೀಕ್ಷೆ ಇದೇ. ಚಿತ್ರ ತೋರಿಸದೆ ಫೋನ್‌ನಲ್ಲಿ ಅಮ್ಮನಿಗೆ ಒಂದು ಸಾಲಲ್ಲಿ ಹೇಳಿದರೆ "ಹೌದಾ, ಹೇಗಿದೆ ತೋರಿಸು" ಅನ್ನಬೇಕು.

ಇನ್ನೊಂದು ವಿಷಯ. 10,000 ಸಪೋರ್ಟ್ ಬಂದರೆ ಸೆಟ್ ಬಂದೇ ಬಿಡುತ್ತೆ ಅಂತ ಹೊಸಬರು ತಿಳಿದಿರುತ್ತಾರೆ, ಹಾಗಲ್ಲ. ಮೊದಲು 60 ದಿನದಲ್ಲಿ 100 ಜನ ಬೇಕು, ಆಮೇಲೆ ಒಂದು ವರ್ಷದೊಳಗೆ 1,000, ಅಲ್ಲಿಂದ ಆರು ತಿಂಗಳಲ್ಲಿ 5,000, ಇನ್ನೂ ಆರು ತಿಂಗಳಲ್ಲಿ 10,000. ಅಷ್ಟಾದ ಮೇಲೆ ಕಂಪನಿಯವರ ರಿವ್ಯೂ, ವರ್ಷಕ್ಕೆ ಮೂರು ಸುತ್ತು. ಅಲ್ಲಿ ಬಹಳಷ್ಟು ಬಿದ್ದು ಹೋಗುತ್ತವೆ, ಒಂದೊಂದಕ್ಕೂ ಕಾರಣ ಕೊಡಲ್ಲ. ಬೇರೆಯವರ ಒಪ್ಪಿಗೆ ಬೇಕಾದ ಮಾದರಿಯಾದರೆ ಅದೂ ಒಂದು ತೊಡಕು. ವಿಮೆನ್ ಆಫ್ ನಾಸಾ ಮಾದರಿಯಲ್ಲಿ ಐದು ಜನ ಮಹಿಳೆಯರಿದ್ದರು, 2017ರಲ್ಲಿ ಸೆಟ್ ಬಂದಾಗ ನಾಲ್ಕೇ ಜನ.

ಆದ್ದರಿಂದ ಕೋಟೆಯ ಬಗ್ಗೆ ನನ್ನ ಪ್ರಶ್ನೆ ಬೇರೆ. ಈಗಾಗಲೇ ಕೋಟೆ ಸೆಟ್‌ಗಳು ಬಂದಿವೆ. ಇದರಲ್ಲಿ ಇರುವ, ಬೇರೆ ಕೋಟೆಯಲ್ಲಿ ಇಲ್ಲದ ಒಂದು ಸಂಗತಿ ಯಾವುದು? ಮಂಜು ಮತ್ತು ಸಂಜೆ ಬೆಳಕು ಡಬ್ಬಿಯಲ್ಲಿ ಬರಲ್ಲ.

ಎಂಟು_ಮಿಲಿಮೀಟರ್:

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮತ್ತೆ ಕಟ್ಟುತ್ತಾರೆ ನಿಜ. ಆದರೂ ಕೆಲವು ಮಾದರಿಗಳ ಯೋಚನೆಯೇ ಜೋಡಣೆಯ ಒಳಗೆ ಇರುತ್ತೆ. ಸ್ಯಾಟರ್ನ್ 5 ರಾಕೆಟ್ ನೋಡಿ, 1:110 ಅಳತೆ, ಸುಮಾರು ಒಂದು ಮೀಟರ್ ಎತ್ತರ. ಪೀಸ್ ಲೆಕ್ಕ 1,969, ಚಂದ್ರನ ಮೇಲೆ ಇಳಿದ ವರ್ಷವೇ. ಅಷ್ಟು ಎತ್ತರದ ದುಂಡನೆಯ ವಸ್ತುವನ್ನು ಚೌಕ ಇಟ್ಟಿಗೆಯಲ್ಲಿ ಗಟ್ಟಿಯಾಗಿ ಕಟ್ಟಬಹುದು, ಹಂತ ಹಂತವಾಗಿ ಬೇರ್ಪಡಿಸಬಹುದು ಅನ್ನುವುದೇ ಅದರ ಯೋಚನೆ. ಅಲ್ಲಿ ಗಟ್ಟಿತನ ಮತ್ತು ಯೋಚನೆ ಬೇರೆ ಬೇರೆ ಅಲ್ಲ. ಕಟ್ಟಲು ಬಾರದ್ದನ್ನು ಕಟ್ಟಬಹುದು ಅಂತ ತೋರಿಸಿ 10,000 ಜನರ ಸಪೋರ್ಟ್ ಪಡೆಯುವುದು ನನಗೆ ಸರಿ ಕಾಣಲ್ಲ.

ಗೇರ್‌ಪೆಟ್ಟಿಗೆ:

ನನ್ನ ಮನಸ್ಸೆಲ್ಲ ಆ ಹೊಲಿಗೆ ಯಂತ್ರದ ಮೇಲೆ. ದಯವಿಟ್ಟು ಚಿತ್ರ ಚೆನ್ನಾಗಿಲ್ಲ ಅಂತ ಅದನ್ನು ಪಕ್ಕಕ್ಕೆ ಇಡಬೇಡಿ.

ಚಲಿಸುವ ಮಾದರಿಗಳು ಐಡಿಯಾಸ್‌ನಲ್ಲಿ ಚೆನ್ನಾಗಿ ನಿಂತಿವೆ. 2021ರ ಟೈಪ್‌ರೈಟರ್‌ನಲ್ಲಿ ಯಾವ ಅಕ್ಷರದ ಕೀ ಒತ್ತಿದರೂ ನಡುವಿನ ಒಂದೇ ಕಡ್ಡಿ ಮೇಲೇಳುತ್ತೆ, ಜೊತೆಗೆ ಕ್ಯಾರೇಜ್ (ಕಾಗದ ಹಿಡಿಯುವ ಭಾಗ) ಒಂದು ಹೆಜ್ಜೆ ಸರಿಯುತ್ತೆ. ನಿಜವಾದ ಕಾಗದವನ್ನು ರೋಲರ್‌ಗೆ ಸುತ್ತಬಹುದು. ಒಂದೊಂದು ಅಕ್ಷರಕ್ಕೂ ಒಂದೊಂದು ಕಡ್ಡಿ ಮಾಡಲು ಹೋಗಿಲ್ಲ, ಗಮನಿಸಿ. ಕೈಗೆ ಟೈಪ್ ಮಾಡಿದ ಹಾಗೆ ಅನಿಸಲು ಏನು ಬೇಕೋ ಅಷ್ಟನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಪಿಯಾನೋದಲ್ಲೂ 88 ಕೀ ಇಲ್ಲ, 25 ಇವೆ. ಆದರೆ ಕೀ ಒತ್ತಿದರೆ ಒಳಗೆ ಸುತ್ತಿಗೆ ಅಲ್ಲಾಡುತ್ತೆ, ಕೀಬೋರ್ಡನ್ನೇ ಹೊರಗೆ ತೆಗೆಯಬಹುದು.

ಹಾಗಾದರೆ ಹೊಲಿಗೆ ಯಂತ್ರದಲ್ಲಿ ನೋಡಬೇಕಾದದ್ದು ಏನು? ಕೈಚಕ್ರದಿಂದ ಸೂಜಿವರೆಗೆ ಚಲನೆ ಹೇಗೆ ಹೋಗುತ್ತೆ ಅಂತ ಬೆರಳಿಟ್ಟು ಹಿಂಬಾಲಿಸಿ. ಚಕ್ರ ತಿರುಗುತ್ತೆ, ತೋಳಿನ ಒಳಗೆ ಒಂದು ಉದ್ದ ಆಕ್ಸಲ್ (ತಿರುಗುವ ಕಡ್ಡಿ) ತಿರುಗುತ್ತೆ, ತುದಿಯಲ್ಲಿ ಕ್ರ್ಯಾಂಕ್ ಆ ಸುತ್ತನ್ನು ಮೇಲೆ ಕೆಳಗೆ ಮಾಡುತ್ತೆ. ಕೇಳಲು ಸುಲಭ. ತೊಂದರೆ ಇರುವುದು ಆ ಉದ್ದ ಆಕ್ಸಲ್‌ನಲ್ಲಿ. ಪ್ಲಾಸ್ಟಿಕ್ ಆಕ್ಸಲ್ ತಿರುಚಿಕೊಳ್ಳುತ್ತೆ, ಹಿಡಿದಿಡುವ ರಂಧ್ರಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಉಜ್ಜುತ್ತೆ, ಸೂಜಿ ಜಾರುವ ದಾರಿ ಬಿಗಿಯಾಗಿದ್ದರೆ ಮೇಲೆ ಹೋದದ್ದು ಅಲ್ಲೇ ಸಿಕ್ಕಿಕೊಳ್ಳುತ್ತೆ. ಇದನ್ನು ಅನಿಮೇಷನ್ ತೋರಿಸಲ್ಲ, ನಿಜವಾದ ಇಟ್ಟಿಗೆಯಲ್ಲಿ ಕಟ್ಟಿ ತೆಗೆದ ವಿಡಿಯೋ ಮಾತ್ರ ತೋರಿಸುತ್ತೆ. ಕಾಮೆಂಟ್‌ನಲ್ಲಿ ಅವರನ್ನೇ ಕೇಳಿ: ಕಟ್ಟಿ ನೋಡಿದ್ದೀರಾ, ಒಂದು ಕೈಯಲ್ಲಿ ತಿರುಗಿಸಿದರೆ ನಿಲ್ಲದೆ ತಿರುಗುತ್ತಾ? ಕಟ್ಟಿದ್ದರೆ ಅವರಿಗೆ ವಿಡಿಯೋ ಹಾಕುವ ಹುಮ್ಮಸ್ಸು ಬರುತ್ತೆ, ಅಪ್‌ಡೇಟ್ ಹಾಕಿದರೆ ಸಪೋರ್ಟೂ ಏರುತ್ತೆ. ವಿಮರ್ಶೆಯಿಂದ ಮಾದರಿ ಸುಧಾರಿಸಬೇಕು, ಅಲ್ವಾ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಯ ಹೊಲಿಗೆ ಯಂತ್ರ ಇನ್ನೂ ಇದೆ, ಜಪಾನ್‌ನಲ್ಲಿ, ಯುರೋಪಿನಲ್ಲಿ, ಎಲ್ಲೆಡೆಯೂ ಇದೆ. ಹುಬ್ಬಳ್ಳಿ ಹುಡುಗಿಯ ಫೋನ್ ಪರೀಕ್ಷೆಯಲ್ಲಿ ಇದು ಪಾಸ್.

ಕೋಟೆಯವರಿಗೆ ಇನ್ನೊಂದು ದಾರಿ ಇದೆ, ಅದನ್ನೂ ಬರೆಯಿರಿ. ಬ್ರಿಕ್‌ಲಿಂಕ್ ಡಿಸೈನರ್ ಪ್ರೋಗ್ರಾಮ್. ಅಲ್ಲಿ ಇರುವ ಪೀಸ್‌ಗಳಲ್ಲೇ ಕಟ್ಟಬೇಕು, ಮುಂಗಡ ಬುಕಿಂಗ್ 3,000 ಮುಟ್ಟಿದರೆ ತಯಾರಿಸುತ್ತಾರೆ, ಅಭಿಮಾನಿಯ ವಿನ್ಯಾಸ ಹೆಚ್ಚುಕಡಿಮೆ ಹಾಗೇ ಬರುತ್ತೆ. ಐಡಿಯಾಸ್‌ನಲ್ಲಿ 10,000 ಮುಟ್ಟಿ ಬಿದ್ದ ಕ್ಯಾಸಲ್ ಇನ್ ದ ಫಾರೆಸ್ಟ್ 2021ರಲ್ಲಿ ಈ ದಾರಿಯಲ್ಲೇ ಬಂತು. ಅಲ್ಲಿಗೆ ಹೋಗುವುದಾದರೆ ಎಂಟು ಮಿಲಿಮೀಟರ್ ಹೇಳಿದ ಗಟ್ಟಿತನವೇ ಮೊದಲ ಸಾಲು.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಓದಿ ಮತ್ತೆ ಕೋಟೆಯ ಪುಟಕ್ಕೆ ಹೋದೆ. ಒಳಗಿನ ಚಿತ್ರ ಒಂದೂ ಇಲ್ಲ. ಹಿಂಭಾಗದ್ದೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ತೀರ್ಪು ಕೊಡೋದು ಬೇಡ, ಮೊದಲು ಒಳಗಿನ ಚಿತ್ರ ಕೇಳುತ್ತೇನೆ. ಹೊಲಿಗೆ ಯಂತ್ರದವರಿಗೆ ವಿಡಿಯೋ ಕೇಳಿ ಆಗಲೇ ಬರೆದಾಯಿತು.

ಹಂಪಿ ರಥದ ಬಗ್ಗೆ ಯಾರೂ ಹೇಳಲಿಲ್ಲ.

ಹುಬ್ಬಳ್ಳಿ_ಹುಡುಗಿ:

ಹೇಳಲು ಸ್ವಲ್ಪ ಕಷ್ಟ ಅಂತ ಸುಮ್ಮನಿದ್ದೆ. ಐಡಿಯಾಸ್ ನಿಯಮದಲ್ಲಿ ಧಾರ್ಮಿಕ ಚಿಹ್ನೆ, ಕಟ್ಟಡಗಳಿಗೆ ಅವಕಾಶ ಇಲ್ಲ. ಕಲ್ಲಿನ ರಥ ನಮಗೆ 50 ರೂಪಾಯಿ ನೋಟಿನ ಮೇಲಿನ ಹೆಮ್ಮೆ. ಆದರೆ ಅದು ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಗರುಡನ ಗುಡಿ. ಪುಟಕ್ಕೆ ಬರುವ ಮೊದಲೇ ತಡೆದುಬಿಡುವ ಸಾಧ್ಯತೆ ಜಾಸ್ತಿ. ತಾಜ್ ಮಹಲ್ 2008ರಲ್ಲೇ ಬಂತಲ್ಲ, ನೋತ್ರ್ ದಾಮ್ 2024ರಲ್ಲಿ ಬಂತಲ್ಲ ಅಂತ ನಿಮ್ಮ ಗೆಳೆಯರು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ ಅದು. ಅವು ಕಂಪನಿಯವರೇ ತೀರ್ಮಾನಿಸಿ ಮಾಡಿದ ಸೆಟ್‌ಗಳು, ಐಡಿಯಾಸ್ ದಾರಿಯಲ್ಲಿ ಬಂದವಲ್ಲ. ಅಭಿಮಾನಿಗೆ ಒಂದು ನಿಯಮ, ಕಂಪನಿಗೆ ಇನ್ನೊಂದು. ನನಗೂ ಇದು ಬೇಜಾರಿನ ಸಂಗತಿಯೇ.

ಹಂಪಿಯೇ ಬೇಕು ಅಂದರೆ ಆನೆ ಲಾಯ ಮಾಡಲಿ! ಸಾಲಾಗಿ 11 ಕೋಣೆ, ಮೇಲೆ ಗುಮ್ಮಟಗಳು, ಅವೂ ಎಲ್ಲ ಒಂದೇ ಥರ ಇಲ್ಲ. ದೇವಸ್ಥಾನ ಅಲ್ಲ, ನಿಯಮದ ತೊಡಕಿಲ್ಲ. ಕೋಣೆಯೊಳಗೆ ಇಟ್ಟಿಗೆಯಲ್ಲೇ ಕಟ್ಟಿದ ಆನೆ ನಿಲ್ಲಿಸಿದರೆ ಮಗು ಕೂಡ ಆಡುತ್ತೆ, ದೊಡ್ಡವರು ಕಪಾಟಿನಲ್ಲಿ ಇಡುತ್ತಾರೆ. ಹಂಪಿ ಹೆಸರು ಕೇಳದ ಡೆನ್ಮಾರ್ಕಿನವರಿಗೂ "ಆನೆಗಳಿಗೆ ಅರಮನೆಯಂಥ ಲಾಯ" ಅಂದರೆ ಅರ್ಥವಾಗುತ್ತೆ.

ಎಂಟು_ಮಿಲಿಮೀಟರ್:

ಆನೆ ಲಾಯ ಒಳ್ಳೇ ಆಯ್ಕೆ, ಕಟ್ಟುವ ದೃಷ್ಟಿಯಿಂದಲೂ. 11 ಕೋಣೆ ಒಟ್ಟಿಗೆ ಬೇಡ, ಮೊದಲು ಒಂದು ಕೋಣೆ, ಒಂದು ಗುಮ್ಮಟ ಗಟ್ಟಿಯಾಗಿ ಕಟ್ಟಲಿ. ಕಮಾನು ಎಷ್ಟು ಸ್ಟಡ್ ಅಗಲ ಅನ್ನುವುದನ್ನು ಮೊದಲು ತೀರ್ಮಾನಿಸಿದರೆ ಮಿಕ್ಕ ಅಳತೆ ತಾನಾಗಿ ಬರುತ್ತೆ. ನಾನಾದರೆ ಎಂಟು ಸ್ಟಡ್ ಇಡುತ್ತೇನೆ, ಆನೆ ಒಳಗೆ ಹೊಕ್ಕು ಹೊರಗೆ ಬರಬೇಕಲ್ಲ. ಗುಮ್ಮಟವನ್ನು ನಾಲ್ಕು ಪಕ್ಕಕ್ಕೆ ತಿರುಗಿಸಿ ಕಟ್ಟುವುದಾದರೆ ಒಳಗಿನ ತಿರುಳು ಐದು ಪ್ಲೇಟ್ ಲೆಕ್ಕದಲ್ಲೇ ಇರಲಿ.

ತುಂಗಾತೀರ:

ಅವರಿಗೆ ಈ ಚರ್ಚೆಯನ್ನೇ ಕಳಿಸಿದೆ. ರಥ ಬಿಡಲು ಸ್ವಲ್ಪ ಬೇಸರ ಮಾಡಿಕೊಂಡರು, ಆದರೆ ಭಾನುವಾರ ಒಂದು ಗುಮ್ಮಟ ಕಟ್ಟಿ ನೋಡುತ್ತಾರಂತೆ. ಬೂದು ಬಣ್ಣ ಬೇಡ, ಟ್ಯಾನ್‌ನಲ್ಲಿ (ಮರಳಿನ ಬಣ್ಣ) ಮಾಡುತ್ತೇನೆ ಅಂದಿದ್ದಾರೆ. ಅವರ ಹತ್ತಿರ ಟ್ಯಾನ್ ಸ್ಲೋಪ್‌ಗಳು (ಇಳಿಜಾರು ಪೀಸ್) ಕಡಿಮೆ, ಬೆಂಗಳೂರಿನಲ್ಲಿ ಬಿಡಿ ಪೀಸ್ ಮಾರುವವರು ಯಾರಾದರೂ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ.

ಗೇರ್‌ಪೆಟ್ಟಿಗೆ:

ನನ್ನ ಹತ್ತಿರ ಟ್ಯಾನ್ ಸ್ಲೋಪ್ ಒಂದು ಡಬ್ಬಿ ಇದೆ, ವಿಳಾಸ ಮೆಸೇಜ್ ಮಾಡಿ, ಕಳಿಸುತ್ತೇನೆ. ಗುಮ್ಮಟ ಕಟ್ಟಿದ ಮೇಲೆ ಅಡಿಯಿಂದ ತೆಗೆದ ಫೋಟೋ ಹಾಕಲು ಹೇಳಿ.